ವೆಲ್ಡಿಂಗ್ ಬೆಳಕು ಮತ್ತು ನನ್ನ ಎರಡು ಬಣ್ಣದ ಕೈ

ನಾನು ಕಪ್ಪು. ಮಾತಿಗೆ ಹೇಳುವ ಕಪ್ಪಲ್ಲ. ನಾನು ಹುಟ್ಟಿದಾಗ ನೋಡಲು ಬಂದ ನೆಂಟರೊಬ್ಬರು "ಮಗುವಿನ ಮುಖ ಯಾವ ಕಡೆ ಇದೆ" ಎಂದು ಕೇಳಿದ್ದರಂತೆ. ಉಮ್ಮ, ಅಂದರೆ ನನ್ನ ತಾಯಿ, ಆ ನೆಂಟರನ್ನು ಇವತ್ತಿಗೂ ಕ್ಷಮಿಸಿಲ್ಲ. ನನಗೆ ಮಾತ್ರ ಈ ಬಣ್ಣದ ಬಗ್ಗೆ ಯಾವತ್ತೂ ಬೇಜಾರಿರಲಿಲ್ಲ. ಮೂಡಿಗೆರೆ ಹತ್ತಿರದ ಬಣಕಲ್‌ನಲ್ಲಿ ಹೆದ್ದಾರಿಯ ಬದಿಗೆ ನನ್ನದೊಂದು ವೆಲ್ಡಿಂಗ್ ಶಾಪ್ ಇದೆ. ಎಸ್ಟೇಟ್ ಜೀಪಿನ ಚಾಸಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಗೇಟು, ಗ್ರಿಲ್, ಏನು ಮುರಿದರೂ ಜನ ನನ್ನ ಹತ್ತಿರ ತರುತ್ತಾರೆ. ಇಪ್ಪತ್ತು ವರ್ಷಕ್ಕೂ ಮೇಲೆ ಆ ನೀಲಿ ಬೆಳಕಿನ ಮುಂದೆ ಅರ್ಧ ತೋಳಿನ ಅಂಗಿಯಲ್ಲೇ ಕೂತಿದ್ದೇನೆ. ಕಣ್ಣಿಗೆ ಕಪ್ಪು ಗಾಜು ಹಿಡಿಯುತ್ತಿದ್ದೆ, ಕೈಗೆ ಏನೂ ಹಾಕುತ್ತಿರಲಿಲ್ಲ.

ಪಕ್ಕದಲ್ಲಿ ಮಲ್ಲೇಶಣ್ಣನ ಹಾರ್ಡ್‌ವೇರ್ ಅಂಗಡಿ. ಬೆಳ್ಳಗಿನ ಮನುಷ್ಯ, ಹಣೆಯ ಮೇಲೆ ವಿಭೂತಿ ಹಚ್ಚಿದರೆ ಎಲ್ಲಿ ವಿಭೂತಿ ಎಲ್ಲಿ ಹಣೆ ಎಂದು ಹುಡುಕಬೇಕು. ಒಮ್ಮೆ ಅವನ ಅಂಗಡಿಗೇ ಕಪಾಟು ಮಾಡುವಾಗ ಕಬ್ಬಿಣ ಹಿಡಿದುಕೊಳ್ಳಲು ನನ್ನ ಪಕ್ಕ ನಿಂತಿದ್ದ. ಸಂಜೆಗೆ ಅವನ ಕುತ್ತಿಗೆ ಕೆಂಪಾಯಿತು, ಎರಡು ದಿನದಲ್ಲಿ ಸಿಪ್ಪೆ ಎದ್ದಿತು. ಅದೇ ಬೆಳಕಿಗೆ ದಿನವಿಡೀ ಮೈ ಒಡ್ಡಿದ ನನಗೆ ಏನೂ ಆಗಿರಲಿಲ್ಲ.

"ಈ ಬೆಳಕು ನಿಮ್ಮಂಥ ಬಿಳಿಯರಿಗಲ್ಲ ಮಲ್ಲೇಶಣ್ಣ," ಎಂದು ನಾನು ನಕ್ಕಿದ್ದೆ. "ಇದಕ್ಕೆ ನಮ್ಮಂಥ ಕರಿ ಚರ್ಮ ಬೇಕು."

"ಹೌದು ಮಾರಾಯ, ನಿಂದು ಎಮ್ಮೆ ಚರ್ಮ," ಎಂದಿದ್ದ ಅವನು.

ಬರೆದು ಅಭ್ಯಾಸವಿಲ್ಲದ ನಾನು ಇದನ್ನು ಬರೆಯಲು ಕೂತದ್ದು ಕಳಸದ ಕಡೆಯ ಒಬ್ಬರು ಮೇಷ್ಟ್ರ ಒತ್ತಾಯಕ್ಕೆ. ಅವರ ಪರಿಚಯ ಮುಂದೆ ಬರುತ್ತದೆ. ಕೈಯ ಮೇಲೆ ಬಿಳಿ ಚುಕ್ಕೆ ಕಂಡ ದಿನದಿಂದ ಬಾಯಿ ಕಟ್ಟಿಕೊಂಡು ಒದ್ದಾಡುವವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ ಇದ್ದಾರೆ, ಅವರಿಗಾದರೂ ಉಪಯೋಗಕ್ಕೆ ಬರಲಿ ಎಂದರು. ಆದ ಹಾಗೇ ಹೇಳುತ್ತೇನೆ.

ಮೊದಲು ಬಂದದ್ದು ಬಲಗೈಯ ತೋರುಬೆರಳಿನ ಗೆಣ್ಣಿನ ಮೇಲೆ, ಒಂದು ಹೆಸರುಕಾಳಿನಷ್ಟು. ಕಿಡಿ ಹಾರಿ ಸುಟ್ಟ ಕಲೆ ಎಂದುಕೊಂಡೆ. ನನ್ನ ಕೈ ತುಂಬ ಅಂಥ ಕಲೆಗಳೇ. ಆದರೆ ಸುಟ್ಟ ಕಲೆ ಬೆಳೆಯುವುದಿಲ್ಲ, ಇದು ಬೆಳೆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಪಕ್ಕದ ಬೆರಳುಗಳ ಮೇಲೂ ಮಣಿಕಟ್ಟಿನ ಮೇಲೂ ಬಂದಿತ್ತು. ಅಂಚು ಗೀಟು ಹಾಕಿದ ಹಾಗೆ ಸ್ಪಷ್ಟ, ಒಳಗೆ ಅಪ್ಪಟ ಬಿಳಿ. ನನ್ನ ಬಣ್ಣದ ಮೇಲೆ ಅದು ರಸ್ತೆಯ ಆಚೆಯಿಂದಲೂ ಕಾಣುತ್ತಿತ್ತು.

ಆಗಲೇ ಒಂದು ದಿನ ಜಾವಳಿಯ ಎಸ್ಟೇಟಿನ ದೊಡ್ಡ ಗೇಟೊಂದರ ಕೆಲಸ ಹಿಡಿದಿದ್ದೆ. ಬೆಳಗಿನಿಂದ ಸಂಜೆಯವರೆಗೆ ವೆಲ್ಡಿಂಗ್. ಮನೆಗೆ ಬರುವಷ್ಟರಲ್ಲಿ ಆ ಬಿಳಿ ಜಾಗಗಳೆಲ್ಲ ಕೆಂಪಾಗಿ ಉರಿಯಲು ಹಿಡಿದವು, ಬೆಳಗಾಗುವಾಗ ನೀರುಗುಳ್ಳೆ ಎದ್ದಿದ್ದವು. ಸುತ್ತಲಿನ ಕಪ್ಪು ಚರ್ಮ ಮಾತ್ರ ಏನೂ ಆಗದೆ ಹಾಗೇ ಇತ್ತು. ಒಂದೇ ಕೈ, ಒಂದೇ ಬೆಳಕು, ಆದರೆ ಸುಟ್ಟದ್ದು ಬಿಳಿ ಮಾತ್ರ. ನನಗೆ ಅದರ ಲೆಕ್ಕ ಹತ್ತಲಿಲ್ಲ. ಒಳಗಿನಿಂದ ಏನೋ ತಿನ್ನುತ್ತಿದೆ ಎಂದೇ ಅನಿಸಿತು.

ಅದೇ ವಾರ ಉಮ್ಮನ ಬಿಪಿ ಮಾತ್ರೆಗೆಂದು ಮೂಡಿಗೆರೆಯ ಆಸ್ಪತ್ರೆಗೆ ಹೋಗಿದ್ದೆ. ಸಾಲು ಉದ್ದ ಇತ್ತು. ಸುಮ್ಮನೆ ನಿಂತವನ ಕಣ್ಣು ಗೋಡೆಯ ಪೋಸ್ಟರಿನ ಮೇಲೆ ಬಿತ್ತು. ಮೈಮೇಲೆ ತಿಳಿ ಬಣ್ಣದ ಮಚ್ಚೆ ಇದೆಯೇ, ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲವೇ, ಹಾಗಿದ್ದರೆ ಕುಷ್ಠರೋಗ ಇರಬಹುದು, ಪರೀಕ್ಷೆ ಮಾಡಿಸಿಕೊಳ್ಳಿ ಎಂದಿತ್ತು. ಓದುತ್ತಿದ್ದ ಹಾಗೇ ಕೈ ತಾನಾಗಿ ಜೇಬಿಗೆ ಹೋಯಿತು. ಡಾಕ್ಟರು ಹತ್ತೇ ಹೆಜ್ಜೆ ಆಚೆ ಕೂತಿದ್ದರು. ಹೋಗಿ ತೋರಿಸಬಹುದಿತ್ತು. ಆದರೆ ಆ ಸಾಲಿನಲ್ಲಿ ಬಣಕಲ್‌ನವರೇ ನಾಲ್ಕು ಜನ ಇದ್ದರು. ನಾನು ಮಾತ್ರೆ ತೆಗೆದುಕೊಂಡು ಬಂದುಬಿಟ್ಟೆ.

ಮನೆಗೆ ಹೋಗಲಿಲ್ಲ. ಶಾಪಿನ ಶಟರ್ ಅರ್ಧ ಎಳೆದು, ಟಾರ್ಪಾಲ್ ಹೊಲಿಯುವ ಸೂಜಿ ತೆಗೆದು ಬೆರಳಿಗೆ ಚುಚ್ಚಿ ನೋಡಿದೆ. ಗೊತ್ತಾಗಲಿಲ್ಲ. ಇನ್ನೊಂದು ಬೆರಳು, ಅದೂ ಗೊತ್ತಾಗಲಿಲ್ಲ. ಅಂಗೈಗೆ ಒತ್ತಿ ಹಿಡಿದೆ, ಎಲ್ಲೋ ದೂರದಲ್ಲಿ ಯಾರನ್ನೋ ಚುಚ್ಚಿದ ಹಾಗಿತ್ತು. ಅಲ್ಲೇ ಗ್ಯಾಸ್ ಸಿಲಿಂಡರಿಗೆ ಒರಗಿ ಕೂತೆ. ಜೀವನದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು. ಸಾಯುವ ಹೆದರಿಕೆ ಬಂದಿರಲಿಲ್ಲ. ಮೊದಲು ನೆನಪಾದದ್ದು ನಮ್ಮ ಮನೆಯ ಹರಿವಾಣ.

ಅದನ್ನು ಸ್ವಲ್ಪ ಹೇಳಬೇಕು. ನಮ್ಮ ಬ್ಯಾರಿ ಮನೆಗಳಲ್ಲಿ ಮದುವೆ, ಹಬ್ಬ ಎಂದರೆ ದೊಡ್ಡ ಹರಿವಾಣದಲ್ಲಿ ಅನ್ನ ಹಾಕಿ ನಾಲ್ಕೈದು ಜನ ಸುತ್ತ ಕೂತು ಒಂದೇ ತಟ್ಟೆಯಿಂದ ಉಣ್ಣುತ್ತಾರೆ. ನಮ್ಮ ಮನೆಯಲ್ಲಿ ಅದು ದಿನದ ಪದ್ಧತಿ. ಉಪ್ಪ, ಅಂದರೆ ನನ್ನ ತಂದೆ, ತೀರಿಕೊಂಡ ಮೇಲೂ ಉಮ್ಮ ಬಿಡಲಿಲ್ಲ. ಉಮ್ಮ, ನಾನು, ಹೆಂಡತಿ ಮೈಮುನಾ, ಮಗಳು ಸಫಾ. ನಾಲ್ಕು ಕೈ, ಒಂದು ಹರಿವಾಣ. ಸಫಾ ಆಗಷ್ಟೇ ಮೂರನೇ ಕ್ಲಾಸಿಗೆ ಹೋಗಿದ್ದಳು. ಮೀನಿನ ಮುಳ್ಳು ಬಿಡಿಸಿ ಅವಳ ಕಡೆಗೆ ಸರಿಸುವುದು ನನ್ನ ಕೆಲಸ. ಆ ಕೈಯನ್ನು ಇನ್ನು ಹೇಗೆ ಅದರಲ್ಲಿ ಇಡಲಿ?

ಗ್ಯಾಸ್ಟ್ರಿಕ್ ಎಂದೆ. ನಮ್ಮ ಕಡೆ ಗ್ಯಾಸ್ಟ್ರಿಕ್ ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಖಾರ ಆಗುವುದಿಲ್ಲ, ನನಗೆ ಬೇರೆ ತಟ್ಟೆಯಲ್ಲಿ ಮೊಸರನ್ನ ಸಾಕು ಎಂದು ಹೇಳಿ, ಎಲ್ಲರ ಊಟ ಆದ ಮೇಲೆ ಒಬ್ಬನೇ ಕೂತು ತಿನ್ನತೊಡಗಿದೆ. ನನ್ನ ಲೋಟ ಬೇರೆ ಇಟ್ಟುಕೊಂಡೆ, ಟವೆಲ್ ಬೇರೆ ಒಣಗಿಸಿದೆ. ಬೆಳಿಗ್ಗೆ ಶಾಲೆಯ ವ್ಯಾನಿನ ತನಕ ಸಫಾಳ ಕೈ ಹಿಡಿದು ಹೋಗುತ್ತಿದ್ದವನು ಎರಡೂ ಕೈ ಜೇಬಿನಲ್ಲಿಟ್ಟು ಮುಂದೆ ಮುಂದೆ ನಡೆದೆ. ಅವಳು ಹಿಂದಿನಿಂದ ಅಂಗಿಯ ತುದಿ ಹಿಡಿದುಕೊಂಡು ಬರುತ್ತಿದ್ದಳು.

ಮನೆಯಲ್ಲಿ ಕಿಡಿ ಸುಟ್ಟಿದೆ ಎಂದು ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದೆ, ಶಾಪಿನಲ್ಲಿ ಚರ್ಮದ ಗ್ಲೌಸ್ ಹಾಕಲು ಶುರು ಮಾಡಿದೆ. ಮಲ್ಲೇಶಣ್ಣ ಬಿಡುತ್ತಾನೆಯೇ?

"ಎಂತ ಮಾರಾಯ, ಕಂಪನಿ ಕೆಲ್ಸ ಸಿಕ್ತಾ? ದುಬೈಗೆ ಹೊರಟ್ಯಾ?" ಎಂದ.

"ಹೌದು, ನಿಮ್ಮನ್ನೂ ಕರ್ಕೊಂಡು ಹೋಗ್ತೇನೆ," ಎಂದೆ. ಅಂಗಡಿಯ ಚಾ ಬಂದಾಗ ಗ್ಲೌಸ್ ತೆಗೆಯಬೇಕಾಗುತ್ತದೆ ಎಂದು ಚಾ ಕುಡಿಯುವುದನ್ನೇ ಬಿಟ್ಟೆ.

ಹಾಗೆ ಒಂದು ಹಂಗಾಮು ಕಳೆಯಿತು. ಈಗ ನೆನೆಸಿಕೊಂಡರೆ ಅಷ್ಟು ದಿನ ಹೇಗೆ ನಟಿಸಿದೆನೋ ಎನಿಸುತ್ತದೆ. ಮನೆಯಲ್ಲಿ ನಾನು ಮುಟ್ಟಿದ ಬಾಗಿಲ ಚಿಲಕವನ್ನು ನಾನೇ ಒರೆಸುತ್ತಿದ್ದೆ. ಸಫಾಗೆ ಕೆಮ್ಮು ಬಂದರೂ ನನ್ನಿಂದಲೇ ಎನಿಸುತ್ತಿತ್ತು. ಬೆಳಗೆದ್ದು ಕಣ್ಣು ಬಿಡುವ ಮೊದಲು, ಎಲ್ಲ ಕನಸಾಗಿರಲಿ ಅಲ್ಲಾಹ್ ಎಂದು ಬೇಡಿಕೊಂಡು ಕೈ ನೋಡುತ್ತಿದ್ದೆ. ಕೈ ಇನ್ನಷ್ಟು ಬೆಳ್ಳಗಾಗಿರುತ್ತಿತ್ತು.

ಗುಟ್ಟು ಒಡೆದದ್ದು ಒಂದು ಮಧ್ಯಾಹ್ನ. ಊಟ ಮುಗಿಸಿ ಶಾಪಿಗೆ ಹೋದವನು ಅಳತೆಯ ಟೇಪ್ ಮರೆತು ಬಂದಿದ್ದೆನೆಂದು ವಾಪಸು ಬಂದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತೇನೆ, ಉಮ್ಮ ನೆಲದ ಮೇಲೆ ಕೂತಿದ್ದಾರೆ. ಮುಂದೆ ನನ್ನ ತಟ್ಟೆ. ನಾನು ಅರ್ಧ ತಿಂದು ಬಿಟ್ಟಿದ್ದ ಮೊಸರನ್ನವನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದಾರೆ.

ಓಡಿ ಹೋಗಿ ತಟ್ಟೆ ಕಿತ್ತುಕೊಂಡೆ. ಅನ್ನ ನೆಲದ ಮೇಲೆ ಚೆಲ್ಲಿತು.

"ಯಾಕೆ ತಿಂದ್ರಿ ಇದನ್ನ? ಯಾರು ತಿನ್ನಿ ಅಂದ್ರು ನಿಮಗೆ?" ಎಂದು ಕಿರುಚಿದೆ. ಉಮ್ಮನ ಮುಂದೆ ನಾನು ದನಿ ಎತ್ತಿದವನೇ ಅಲ್ಲ.

ಉಮ್ಮ ಹೆದರಲಿಲ್ಲ. ಕೈ ಸೀರೆಗೆ ಒರೆಸಿಕೊಂಡರು. "ದಿನಾ ತಿಂತೇನೆ," ಎಂದರು. "ನೀನು ಅರ್ಧಕ್ಕರ್ಧ ಬಿಡ್ತಿ. ಅನ್ನ ಬಿಸಾಡ್ಬಾರ್ದು. ಹೆತ್ತ ಮಗನ ಎಂಜಲು ಯಾವಾಗಿಂದ ವಿಷ ಆಯ್ತು?"

ದಿನಾ ಎಂದರು. ಇಷ್ಟು ತಿಂಗಳು ನಾನು ಚಿಲಕ ಒರೆಸಿದ್ದೇ ಬಂತು, ಮನೆಯಲ್ಲಿ ಎಲ್ಲರಿಗಿಂತ ವಯಸ್ಸಾದ ಜೀವಕ್ಕೆ ನಾನೇ ದಿನಾ ರೋಗ ಬಡಿಸಿದ್ದೇನೆ. ಗ್ಲೌಸ್ ಕಿತ್ತು ಕೈ ಮುಂದೆ ಚಾಚಿದೆ. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಪೋಸ್ಟರು, ಸೂಜಿ, ಗ್ಯಾಸ್ಟ್ರಿಕ್ ಸುಳ್ಳು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ಮೈಮುನಾ ಯಾವಾಗ ಬಂದು ಬಾಗಿಲಲ್ಲಿ ನಿಂತಳೋ ಗೊತ್ತಾಗಲಿಲ್ಲ.

ಉಮ್ಮ ನನ್ನ ಎರಡೂ ಕೈ ಹಿಡಿದುಕೊಂಡು ತಿರುಗಿಸಿ ನೋಡಿದರು, ಅಕ್ಕಿಯಲ್ಲಿ ಕಲ್ಲು ನೋಡುವ ಹಾಗೆ. "ಕುಷ್ಠ ಆದ್ರೆ ಆಗ್ಲಿ," ಎಂದರು. "ಮದ್ದು ಇಲ್ವಾ? ನಿನ್ನ ಗ್ಯಾಸ್ಟ್ರಿಕ್ ಸುಳ್ಳು ಅಂತ ನಂಗೆ ಮೊದ್ಲೇ ಗೊತ್ತಿತ್ತು. ಏನೋ ಇದೆ, ಹೇಳೋವಾಗ ಹೇಳ್ತಾನೆ ಅಂತ ಸುಮ್ನಿದ್ದೆ."

ಮೈಮುನಾ ಅಳಲಿಲ್ಲ, ಸಿಟ್ಟಾದಳು. "ನನ್ನತ್ರ ಒಂದು ಮಾತು ಹೇಳ್ಬಾರ್ದಿತ್ತಾ? ನಾನು ಬೇರೆ ಎಂತೆಂಥದ್ದೋ ಯೋಚ್ನೆ ಮಾಡಿ ಸಾಯ್ತಿದ್ದೆ," ಎಂದಳು. ನಾನು ಅವಳಿಂದ ದೂರ ಮಲಗಲು ಶುರು ಮಾಡಿದ್ದಕ್ಕೆ ಅವಳು ಕೊಟ್ಟುಕೊಂಡಿದ್ದ ಅರ್ಥ ನನ್ನ ತಲೆಗೇ ಹೊಳೆದಿರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ಚಿಕ್ಕಮಗಳೂರಿಗೆ ಹೊರಟೆವು.

ಚರ್ಮದ ಡಾಕ್ಟರ ಹೊರಕೋಣೆಯಲ್ಲಿ ಕೂತವರು ಒಬ್ಬರನ್ನೊಬ್ಬರು ನೋಡುವುದಿಲ್ಲ. ಹಲ್ಲಿನ ಡಾಕ್ಟರ ಹತ್ತಿರವಾದರೆ ಯಾವ ಹಲ್ಲು ಎಂದು ಕೇಳಬಹುದು, ಇಲ್ಲಿ ಕೇಳುವ ಹಾಗಿಲ್ಲ. ಒಬ್ಬ ಹುಡುಗಿ ದುಪಟ್ಟಾವನ್ನು ಮೂಗಿನ ತನಕ ಎಳೆದುಕೊಂಡಿದ್ದಳು. ನಾನು ಗ್ಲೌಸ್ ಹಾಕಿದ್ದ ಕೈಯನ್ನು ಮೈಮುನಾಳ ಬ್ಯಾಗಿನ ಕೆಳಗೆ ಇಟ್ಟಿದ್ದೆ. ಒಳಗೆ ಕರೆಯುವಾಗ ನನ್ನ ಹೆಸರು ಬಾರದಿರಲಿ, ಇನ್ನೊಬ್ಬರು ಹೋಗಲಿ, ಇನ್ನೊಬ್ಬರು ಹೋಗಲಿ ಎಂದು ಬೇಡುತ್ತಿದ್ದೆ. ಹೆಸರು ಹೇಳುವ ತನಕ ರೋಗಕ್ಕೂ ಹೆಸರಿಲ್ಲವಲ್ಲ.

ಡಾಕ್ಟರು ನನ್ನದೇ ವಯಸ್ಸಿನ ಹೆಂಗಸು. ಅವರು ಬಾಯಿ ತೆರೆಯುವ ಮೊದಲೇ ನಾನು "ಮೇಡಂ, ಕುಷ್ಠ" ಎಂದುಬಿಟ್ಟೆ, ವೆಲ್ಡಿಂಗಿಗೆ ಉರಿದದ್ದು, ಸೂಜಿ ಚುಚ್ಚಿ ನೋಡಿದ್ದು ಎಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿಕೊಳ್ಳಲು ಹೇಳಿ, ಹತ್ತಿಯ ಎಳೆಯೊಂದನ್ನು ಕೈಯ ಮೇಲೆ ಆಡಿಸುತ್ತ ಎಲ್ಲಿ ಮುಟ್ಟಿದೆ ತೋರಿಸಿ ಎಂದರು. ಮುಂಗೈ, ಗೆಣ್ಣು, ಮಣಿಕಟ್ಟು, ಪ್ರತಿ ಸಲವೂ ನನ್ನ ಇನ್ನೊಂದು ಕೈಯ ಬೆರಳು ಸರಿಯಾಗಿ ಅಲ್ಲಿಗೇ ಹೋಯಿತು. ಹತ್ತಿಯ ಎಳೆ ಗೊತ್ತಾಗುತ್ತಿತ್ತು. ನನಗೆ ನಂಬಿಕೆ ಬರಲಿಲ್ಲ.

"ಸೂಜಿ ಎಲ್ಲಿಗೆ ಚುಚ್ಚಿದ್ರಿ?" ಎಂದು ಕೇಳಿದರು.

ಬೆರಳ ತುದಿ ತೋರಿಸಿದೆ, ಅಂಗೈ ತೋರಿಸಿದೆ. ಅವರು ನನ್ನ ಅಂಗೈ ಒತ್ತಿ ನೋಡಿ ನಕ್ಕರು. "ಇಲ್ಲಿ ಬಿಳಿಯೇ ಇಲ್ವಲ್ಲ. ಇದು ಕೆಲಸ ಮಾಡಿ ಮಾಡಿ ಜಡ್ಡುಗಟ್ಟಿದ ಚರ್ಮ. ಇದಕ್ಕೆ ಸೂಜಿ ಅಲ್ಲ, ಮೊಳೆ ಹೊಡೆದ್ರೂ ಗೊತ್ತಾಗಲ್ಲ. ಬಿಳಿ ಇರೋ ಜಾಗ ವೆಲ್ಡಿಂಗಿಗೆ ಉರಿದಿತ್ತು ಅಂದ್ರಲ್ಲ? ಉರೀತು ಅಂದ ಮೇಲೆ ಸ್ಪರ್ಶ ಹೋಗಿಲ್ಲ ಅಂತ ಅಲ್ವಾ?"

ಇಷ್ಟು ಸರಳದ್ದು ನನಗೆ ಹೊಳೆದಿರಲಿಲ್ಲ. ಸುಟ್ಟು ಗುಳ್ಳೆ ಎದ್ದ ಕೈ ಹಿಡಿದುಕೊಂಡು ಕೈಗೆ ಜೀವ ಇಲ್ಲ ಎಂದು ಅತ್ತವನು ನಾನು.

ಕುಷ್ಠವೇ ಆಗಿದ್ದರೂ ಮಾತ್ರೆಯಿಂದ ವಾಸಿಯಾಗುತ್ತದೆ, ತಟ್ಟೆ ಬೇರೆ ಮಾಡಬೇಕಾಗಿಲ್ಲ ಎಂದು ಹೇಳಿ, ಡಾಕ್ಟರು ದೀಪ ಆರಿಸಿ ಕರ್ಟನ್ ಎಳೆದರು. ಕೈಯಲ್ಲೊಂದು ಸಣ್ಣ ನೇರಳೆ ಬಣ್ಣದ ದೀಪ ಹಿಡಿದು ನನ್ನ ಕೈಯ ಮೇಲೆ ತಂದರು. ಬಿಳಿ ಜಾಗಗಳೆಲ್ಲ ಟ್ಯೂಬ್‌ಲೈಟಿನ ಹಾಗೆ ಹೊಳೆದವು. ಆಮೇಲೆ ಮೊಣಕೈಯ ಕಡೆಗೆ ದೀಪ ಸರಿಸಿದರು. ಅಲ್ಲಿ ನನ್ನ ಕಣ್ಣಿಗೆ ಯಾವತ್ತೂ ಕಾಣದ ಮಚ್ಚೆಗಳು ಇದ್ದವು. ಬಾಯಿಯ ಮೂಲೆಯಲ್ಲೂ ಒಂದು ಇದೆ ಎಂದರು. ಮೈಮುನಾ ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಇನ್ನು ಮುಂದೆ ನನ್ನ ಮುಖ ಹೇಗಾಗಲಿದೆ ಎಂಬುದು ನನಗೆ ಆ ಕತ್ತಲಲ್ಲಿ ಕಂಡಿತು.

ದೀಪ ಹಾಕಿದ ಮೇಲೆ ಹೆಸರು ಹೇಳಿದರು. ತೊನ್ನು. ಅಂಟುವುದಿಲ್ಲ, ಪ್ರಾಣಕ್ಕೆ ಅಪಾಯವಿಲ್ಲ, ಬಣ್ಣ ತಯಾರಿಸುವ ಕಣಗಳನ್ನು ಮೈ ತಾನೇ ಹೊಡೆದು ಹಾಕುತ್ತದೆ ಅಷ್ಟೇ ಎಂದರು. ಅಷ್ಟೇ ಎನ್ನುವ ಮಾತು ಡಾಕ್ಟರ ಬಾಯಲ್ಲಿ ಬಹಳ ಸಣ್ಣದಾಗಿರುತ್ತದೆ. ನಾನು ಮಲ್ಲೇಶಣ್ಣನ ಕುತ್ತಿಗೆಯ ಕಥೆ ಹೇಳಿ, ಅವನನ್ನು ಸುಡುವ ಬೆಳಕು ನನ್ನನ್ನು ಯಾಕೆ ಇಷ್ಟು ವರ್ಷ ಸುಡಲಿಲ್ಲ ಎಂದು ಕೇಳಿದೆ.

"ನಿಮ್ಮ ಕಪ್ಪು ನಿಮಗೆ ಕೊಡೆ ಇದ್ದ ಹಾಗೆ," ಎಂದರು. "ಅವರದ್ದು ತೆಳು ಕೊಡೆ, ನಿಮ್ಮದು ದಪ್ಪ. ಈಗ ಬಿಳಿ ಆದ ಜಾಗದಲ್ಲಿ ಕೊಡೆಯೇ ಇಲ್ಲ. ಆದ್ರೆ ದಪ್ಪ ಕೊಡೆಯವ್ರೂ ನೆನೀತಾರೆ, ಸ್ವಲ್ಪ ತಡ ಅಷ್ಟೇ. ನೀವು ಪೂರ್ತಿ ಕಪ್ಪಗಿದ್ದಾಗಲೂ ಅರ್ಧ ತೋಳಲ್ಲಿ ವೆಲ್ಡಿಂಗ್ ಮಾಡಬಾರದಿತ್ತು."

ಮದ್ದು ಏನು ಎಂದು ಕೇಳಿದೆ. ಮುಲಾಮು, ಮತ್ತೆ ವಾರಕ್ಕೆ ಎರಡು ಸಲ ಬೆಳಕಿನ ಚಿಕಿತ್ಸೆ ಎಂದರು. ಯಾವ ಬೆಳಕು? ವೆಲ್ಡಿಂಗಿನಲ್ಲಿ ನಿಮ್ಮನ್ನು ಸುಟ್ಟಿತಲ್ಲ, ಅದೇ ಜಾತಿಯದ್ದು, ಅದರಲ್ಲಿ ಒಂದು ತುಣುಕು ಮಾತ್ರ, ಅಳೆದು ಕೊಡುತ್ತೇವೆ ಎಂದರು. ಕುಷ್ಠ ಅಲ್ಲ ಎಂದು ಇಳಿದಿದ್ದ ಹೆದರಿಕೆ ಅಲ್ಲೇ ಮತ್ತೆ ಹತ್ತಿತು.

ಆ ಬೆಳಕು ಏನು ಮಾಡುತ್ತದೆಂದು ಪುಸ್ತಕ ಓದಿ ತಿಳಿದವನಲ್ಲ ನಾನು. ಗಾಜು ಹಿಡಿಯದೆ ಒಂದು ಕ್ಷಣ ನೋಡಿದರೆ ಕಣ್ಣಿಗೆ ಮರಳು ಸುರಿದ ಹಾಗೆ ನೋಯುತ್ತದೆ, ಆಲೂಗಡ್ಡೆ ಹೋಳು ಇಟ್ಟುಕೊಂಡು ಹೊರಳಾಡಬೇಕು. ಅಂಥ ಬೆಳಕಿನ ಪೆಟ್ಟಿಗೆಯೊಳಗೆ ಬಟ್ಟೆ ಬಿಚ್ಚಿ ನಿಲ್ಲಬೇಕಂತೆ. ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಸುತ್ತ ಉದ್ದುದ್ದ ಟ್ಯೂಬುಗಳು. ಸಿಸ್ಟರ್ ಕಣ್ಣಿಗೆ ಕಪ್ಪು ಕನ್ನಡಕ ಕೊಟ್ಟು ಬಾಗಿಲು ಮುಚ್ಚಿದರು. ಗುಂಯ್ ಎಂದು ಹೊತ್ತಿಕೊಂಡಿತು. ನನ್ನ ಮೈ ತಾನಾಗಿ ಮುದುಡಿತು, ಹಲ್ಲು ಕಚ್ಚಿ ಬಿಸ್ಮಿಲ್ಲಾಹ್ ಎನ್ನುತ್ತಿದ್ದೆ. ಅಷ್ಟರಲ್ಲಿ ಆರಿತು. "ಮುಗೀತು," ಎಂದರು ಸಿಸ್ಟರ್. ಮೊದಲ ಸಲಕ್ಕೆ ಅಷ್ಟೇ ಕೊಡುವುದಂತೆ. ನಾನು ಅಂಗಿ ಹಾಕಲು ತೆಗೆದುಕೊಂಡ ಹೊತ್ತೇ ಜಾಸ್ತಿ.

ಕಳಸದ ಮೇಷ್ಟ್ರು ಸಿಕ್ಕಿದ್ದು ಅಲ್ಲೇ ಹೊರಗಿನ ಬೆಂಚಿನ ಮೇಲೆ. ತುಂಬ ಬೆಳ್ಳಗಿನವರು. ಅವರಿಗೂ ತೊನ್ನೇ, ಆದರೆ ಎಲ್ಲಿದೆ ಎಂದು ಅವರೇ ತೋರಿಸಿದ ಮೇಲೂ ನನಗೆ ಕಂಡದ್ದು ಕಷ್ಟದಿಂದ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

"ನಿಮಗೇನು ಸಾರ್, ಯಾರಿಗೂ ಕಾಣಲ್ಲ," ಎಂದೆ.

"ಕಾಣಲ್ಲ, ನಿಜ," ಎಂದರು ಅವರು. "ಮೆಷಿನ್ ಟೈಮ್ ಮಾತ್ರ ನಿಮಗಿಂತ ನಂಗೆ ಮೆಲ್ಲಗೆ ಏರಿಸ್ತಾರೆ, ನನ್ನ ಮೈಯೆಲ್ಲ ಬೇಗ ಕೆಂಪಾಗುತ್ತೆ ಅಂತ. ಮಕ್ಕಳಿಗೆ ಪಿಟಿ ಮಾಡಿಸೋಕೆ ಬಿಸಿಲಲ್ಲಿ ನಿಂತ ದಿನ ಈ ಜಾಗ ಹೇಗೆ ಉರಿಯುತ್ತೆ ಗೊತ್ತಾ? ಬಿಳಿ ಆದ ಜಾಗದಲ್ಲಿ ನೀವೂ ನಾನೂ ಒಂದೇ." ಅವತ್ತಿನಿಂದ ನಾವಿಬ್ಬರೂ ಒಂದೇ ದಿನಕ್ಕೆ ಹೋಗುವ ಹಾಗೆ ಹೊಂದಿಸಿಕೊಂಡೆವು. ಆ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡುತ್ತಿದ್ದವರು ನಾವಿಬ್ಬರೇ. ಕೊನೆಗೆ ಆ ದುಪಟ್ಟಾ ಹುಡುಗಿಯೂ ಒಂದು ದಿನ ನಮ್ಮ ಮಾತಿಗೆ ನಕ್ಕಳು.

ಮೊದಲು ಕೆಟ್ಟದ್ದಾಯಿತು. ಆ ಬೆಳಕಿಗೆ ಬಿಳಿ ಜಾಗ ಸ್ವಲ್ಪ ಗುಲಾಬಿಯಾಗುತ್ತದೆ, ಕಪ್ಪು ಜಾಗ ಮತ್ತೂ ಕಪ್ಪಾಗುತ್ತದೆ. ಹೀಗಾಗಿ ಎರಡರ ನಡುವಿನ ವ್ಯತ್ಯಾಸ ಮೊದಲಿಗಿಂತ ಎದ್ದು ಕಾಣತೊಡಗಿತು. ಬಾಯಿಯ ಮೂಲೆಯದ್ದೂ ಹೊರಗೆ ಬಂತು. "ಇದೆಂಥ ಮದ್ದು, ಇದ್ದ ಕಪ್ಪನ್ನೇ ಕಪ್ಪು ಮಾಡ್ತದಲ್ಲ," ಎಂದರು ಉಮ್ಮ. ಜಾವಳಿಯಲ್ಲಿ ನೆಂಟರ ಮದುವೆಗೆ ಹೋದಾಗ ಹರಿವಾಣದ ಸುತ್ತ ನಾಲ್ವರು ಕೂತೆವು. ನಾನು ಕೈ ಇಟ್ಟ ಕೂಡಲೇ ಎದುರಿನವರು ಕೈ ತೊಳೆದು ಬರುತ್ತೇನೆ ಎಂದು ಎದ್ದರು, ವಾಪಸು ಬರಲಿಲ್ಲ. ಉಳಿದ ಇಬ್ಬರು ತಲೆ ತಗ್ಗಿಸಿ ಉಂಡರು. ನಾನು ಎರಡು ತುತ್ತು ಬಿರಿಯಾನಿ ತಿಂದು ಎದ್ದೆ.

ಮನೆಯ ಹರಿವಾಣದಲ್ಲಿ ಮಾತ್ರ ಡಾಕ್ಟರನ್ನು ನೋಡಿ ಬಂದ ದಿನವೇ ಉಮ್ಮ ನನ್ನ ಕೈ ಹಿಡಿದು ಕೂರಿಸಿದ್ದರು. ನನ್ನ ಬೇರೆ ತಟ್ಟೆಯನ್ನು ಕೋಳಿಗಳಿಗೆ ನೀರಿಡಲು ಹಿತ್ತಿಲಿಗೆ ಹಾಕಿದ್ದರು. ಸಫಾ ನನ್ನ ಕೈ ನೋಡಿ, "ಉಪ್ಪ, ಇದು ಭೂಪಟದ ಹಾಗಿದೆ," ಎಂದಳು. ಮೈಮುನಾ ಅವಳಿಗೆ ಕಣ್ಣು ಬಿಟ್ಟಳು. ನನಗೆ ಸಿಟ್ಟು ಬರಲಿಲ್ಲ, ಅಷ್ಟು ತಿಂಗಳ ಮೇಲೆ ಅವಳ ಮೊಣಕೈ ನನಗೆ ತಾಗಿತ್ತು.

ಕಾಫಿ ಕೊಯ್ಲಿನ ಸಮಯದಲ್ಲಿ ಒಂದು ತಪ್ಪು ಮಾಡಿದೆ. ಬೆಳಕು ತೆಗೆದುಕೊಂಡು ಬಸ್ಸಿಳಿಯುತ್ತಿದ್ದ ಹಾಗೇ ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಜೀಪಿನಲ್ಲಿ ಕಾಯುತ್ತಿದ್ದರು. ಪಲ್ಪರಿನ ಸ್ಟ್ಯಾಂಡ್ ಮುರಿದಿದೆ, ಕೊಯ್ದ ಹಣ್ಣು ರಾಶಿ ಬಿದ್ದಿದೆ, ಇವತ್ತೇ ಪಲ್ಪ್ ಆಗದಿದ್ದರೆ ಹುಳಿತು ಹೋಗುತ್ತದೆ ಎಂದರು. ಹೋದೆ. ಸಂದಿಯಲ್ಲಿ ಕೈ ಹೋಗುವುದಿಲ್ಲ ಎಂದು ಗ್ಲೌಸ್ ತೆಗೆದೆ, ತೋಳು ಮಡಚಿದೆ. ಒಂದೇ ದಿನ ಎರಡು ಬೆಳಕು. ಮರುದಿನ ಮುಂಗೈ ಊದಿ ಗುಳ್ಳೆ ಎದ್ದು, ಲೋಟ ಹಿಡಿಯಲಾಗಲಿಲ್ಲ. ಡಾಕ್ಟರು ಬೈದರು, ಚಿಕಿತ್ಸೆ ನಿಲ್ಲಿಸಿದರು. ಸುಟ್ಟ ಜಾಗದಲ್ಲಿ ತೊನ್ನು ಇನ್ನೂ ಹರಡಬಹುದು, ಕಾದು ನೋಡಬೇಕು ಎಂದರು. ಆ ಕಾಯುವಿಕೆಯಷ್ಟು ಕೆಟ್ಟದ್ದು ಬೇರೆ ಇಲ್ಲ. ಪ್ರತಿದಿನ ಬೆಳಿಗ್ಗೆ ಅಂಚಿಗೆ ಪೆನ್ನಿನಲ್ಲಿ ಗೀಟು ಹಾಕಿ, ಬಿಳಿ ಅದನ್ನು ದಾಟಿದೆಯೇ ಎಂದು ನೋಡುತ್ತಿದ್ದೆ. ಬೆವರಿಗೆ ಗೀಟು ಅಳಿಸಿಹೋದರೆ ನಿನ್ನೆ ಎಲ್ಲಿತ್ತೆಂದು ಮೈಮುನಾಳನ್ನು ಕೇಳುತ್ತಿದ್ದೆ.

ದಾಟಲಿಲ್ಲ. ಗಾಯ ಮಾಗಿದ ಮೇಲೆ ಮತ್ತೆ ಶುರು ಮಾಡಿದರು. ಈಗ ಶಾಪಿನಲ್ಲಿ ಪೂರ್ತಿ ತೋಳು, ಗ್ಲೌಸ್, ಮುಖ ಮುಚ್ಚುವ ಹೆಲ್ಮೆಟ್ ಇಲ್ಲದೆ ಮೆಷಿನ್ ಆನ್ ಮಾಡುವುದಿಲ್ಲ. ಮಲ್ಲೇಶಣ್ಣನಿಗೆ ಎಲ್ಲ ಹೇಳಿದೆ. ಅವನು ಎರಡು ಚಾ ಹೇಳಿ ಒಂದನ್ನು ನನ್ನ ಬಿಳಿ ಕೈಗೇ ಕೊಟ್ಟ. "ಈಗ ನೀನೂ ನಮ್ಮ ಪಾರ್ಟಿ ಮಾರಾಯ," ಎಂದ. ಚಾ ಕುಡಿದೆ.

ಒಂದು ದಿನ ಶಾಪಿನ ಮುಂದೆ ಕೈ ತೊಳೆಯುವಾಗ ಮಣಿಕಟ್ಟಿನ ಬಿಳಿಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆಗಳು ಕಂಡವು. ಮಸಿ ಎಂದುಕೊಂಡು ಸೋಪು ಹಾಕಿ ತಿಕ್ಕಿದೆ, ಹೋಗಲಿಲ್ಲ. ಪ್ರತಿ ರೋಮದ ಬುಡದಲ್ಲೂ ಒಂದೊಂದು. ಬಣ್ಣ ವಾಪಸು ಬರುತ್ತಿತ್ತು. ಬೀದಿ ಬದಿಯಲ್ಲೇ ನಿಂತು ಅತ್ತುಬಿಟ್ಟೆ. ಮಣಿಕಟ್ಟು, ಮೊಣಕೈ, ಬಾಯಿಯ ಮೂಲೆ ಬಹುಪಾಲು ತುಂಬಿತು. ಬೆರಳಿನ ಗೆಣ್ಣುಗಳು ಮತ್ತು ಉಗುರಿನ ಬುಡಗಳು ತುಂಬಲಿಲ್ಲ. ಅಲ್ಲಿ ರೋಮವಿಲ್ಲ, ಬಣ್ಣ ಎಲ್ಲಿಂದ ಬರಬೇಕು, ಅವು ಹೀಗೇ ಇರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮುಂದೆ ಬೇರೆ ಕಡೆ ಬರುವುದಿಲ್ಲ ಎಂದು ಮಾತ್ರ ಅವರು ಹೇಳುವುದಿಲ್ಲ, ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ಹೆದರಿಕೆ ಹೋಯಿತೇ ಎಂದು ಮೇಷ್ಟ್ರು ಕೇಳಿದರು. ಹೋಗಿಲ್ಲ, ಅದು ಜಾಗ ಬದಲಾಯಿಸಿದೆ. ಕೆಲವರ ಮನೆಗಳಲ್ಲಿ ಮಕ್ಕಳಿಗೂ ಬರುವುದುಂಟು, ಬರಲೇಬೇಕೆಂದಿಲ್ಲ ಎಂದು ಡಾಕ್ಟರು ಒಮ್ಮೆ ಹೇಳಿದ್ದರು. ಆ ಮಾತಿನ ಮೊದಲರ್ಧ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಬೆಳಿಗ್ಗೆ ವ್ಯಾನಿಗೆ ಹೋಗುವಾಗ ಸಫಾಳ ಕೈ ಹಿಡಿದು, ಉಗುರು ನೋಡುವ ನೆಪದಲ್ಲಿ ಒಂದೊಂದೇ ಬೆರಳು ತಿರುಗಿಸಿ ನೋಡುತ್ತಿದ್ದೆ. ಮೊಣಕಾಲು, ಕಿವಿಯ ಹಿಂದೆ, ತುಟಿಯ ಅಂಚು. ಅವಳೂ ನನ್ನ ಬಣ್ಣದವಳೇ. ಒಂದು ಸಾಸಿವೆಯಷ್ಟು ಬಿಳಿ ಬಂದರೂ ಕಾಣುತ್ತದೆ.

ಮೊನ್ನೆ ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಊಟಕ್ಕೆ ಕೂತಿದ್ದೆವು. ಶಾಲೆಗೆ ರಜೆ ಇತ್ತು. ಹರಿವಾಣದಲ್ಲಿ ಅನ್ನ, ಬಂಗುಡೆ ಸಾರು. ಸಫಾ ತುತ್ತು ಕಲಸುತ್ತ ತಲೆ ಎತ್ತದೆ ಕೇಳಿದಳು.

"ಉಪ್ಪ, ನೀವು ದಿನಾ ನನ್ನ ಕೈ ನೋಡ್ತೀರಲ್ಲ, ಬಿಳಿ ಬಂತಾ ಅಂತ ಅಲ್ವಾ?"

ಮೈಮುನಾಳ ಕೈ ನಿಂತಿತು. ಉಮ್ಮ ನನ್ನ ಮುಖ ನೋಡಿದರು.

"ನಂಗೂ ಬಂದ್ರೆ," ಎಂದಳು ಸಫಾ, "ನನ್ನನ್ನೂ ಬೇರೆ ತಟ್ಟೇಲಿ ಕೂರಿಸ್ತೀರಾ?"

ಇಷ್ಟು ದಿನ ನಾನು ಪಟ್ಟ ಹೆದರಿಕೆಯೆಲ್ಲ ಅವಳ ಕಣ್ಣಿಗೆ ಹೇಗೆ ಕಂಡಿತ್ತೆಂದು ಆಗ ಗೊತ್ತಾಯಿತು. ಉಪ್ಪನಿಗೆ ಬಿಳಿ ಬಂತು, ಉಪ್ಪ ಬೇರೆ ಕೂತರು, ನನಗೆ ಬಂದರೆ ನಾನು ಬೇರೆ. ಅವಳು ಅಷ್ಟನ್ನೇ ನೋಡಿದ್ದು. ನನ್ನ ಕಡೆಯ ಬಂಗುಡೆಯನ್ನು ಬಿಡಿಸಿ, ಬಿಳಿ ಬೆರಳುಗಳಿಂದ ಮುಳ್ಳು ತೆಗೆದು, ಅವಳ ಅನ್ನದ ಮೇಲೆ ಇಟ್ಟೆ.

"ಇಲ್ಲ ಮಗಾ," ಎಂದೆ. "ನಾನು ಬೇರೆ ಕೂತದ್ದೇ ತಪ್ಪು. ಇಲ್ಲೇ ಕೂರೋದು, ಎಲ್ರೂ."

"ಹಾಗಾದ್ರೆ ಇನ್ನು ನೋಡ್ಬೇಡಿ," ಎಂದು ಮೀನು ಬಾಯಿಗೆ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ವ್ಯಾನು ತಡವಾಗಿ ಬಂತು. ಬಿಸಿಲು ಆಗಲೇ ರಸ್ತೆಗೆ ಇಳಿದಿತ್ತು. ನಾನು ಅವಳನ್ನು ಅಂಗಡಿಯ ನೆರಳಿಗೆ ಕರೆದುಕೊಂಡು, ಅವಳ ಕೈಯನ್ನು ನನ್ನ ಕೈಯೊಳಗೆ ಹಿಡಿದು ನಿಂತೆ. ನೋಡಬೇಕೆಂಬ ಆಸೆ ತಡೆಯಲಾಗುತ್ತಿರಲಿಲ್ಲ. ನೋಡಲಿಲ್ಲ. ವ್ಯಾನು ಬರುವ ತನಕ ಸುಮ್ಮನೆ ಹಿಡಿದುಕೊಂಡಿದ್ದೆ.